ಬಂಕರಿನಲ್ಲೂ ಒಂದು ಮನೆವಾರ್ತೆ

ಶೃಂಗೇರಿಯ ಮಗ್ಗುಲಿನ ಮೆಣಸೆಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರವಿದೆ. ವ್ಯಾಕರಣ, ವೇದಾಂತ ಕಲಿಯಲು ಬರುವ ಮಕ್ಕಳಿಗೆ ಆ ಹೆಸರು ದಿನಬಳಕೆಯ ವಿಳಾಸ. ಆದರೆ 1987ರಲ್ಲಿ ಮಗನನ್ನೋ ಗಂಡನನ್ನೋ ಸೈನ್ಯಕ್ಕೆ ಕಳಿಸಿ ಕಾದು ಕೂತಿದ್ದ ಹೆಂಗಸರಿಗೆ ಅದೇ ಹೆಸರು ಶ್ರೀಲಂಕಾವನ್ನು ನೆನಪಿಸುತ್ತದೆ.

ಶಾಂತಿಗೆಂದು ಹೋದವರು

ಆ ವರ್ಷ ಜುಲೈ 29ರಂದು ಪ್ರಧಾನಿ ರಾಜೀವ್ ಗಾಂಧಿಯವರೂ ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆಯವರೂ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಅಲ್ಲಿನ ಸರ್ಕಾರಕ್ಕೂ ತಮಿಳು ಉಗ್ರರಿಗೂ 1983ರಿಂದ ನಡೆಯುತ್ತಿದ್ದ ಅಂತರ್ಯುದ್ಧ ನಿಲ್ಲಲಿ ಎಂಬುದು ಆಶಯ. ಮಾರನೆಯ ದಿನವೇ ನಮ್ಮ ಶಾಂತಿಪಾಲನಾ ಪಡೆ ಜಾಫ್ನಾಕ್ಕೆ ಹೋಯಿತು. ಕರ್ನಾಟಕದ ಹುಡುಗರು ಸೇರುವ ಮರಾಠಾ ಲಘು ಪದಾತಿದಳ, ಮದ್ರಾಸ್ ರೆಜಿಮೆಂಟುಗಳ ಜವಾನರೂ ಆ ಪಡೆಯಲ್ಲಿದ್ದರು.

ಜಗಳ ಬಿಡಿಸಲು ಹೋದವರ ಮೇಲೇ ಜಗಳ ತಿರುಗುತ್ತದೆ ಅಂತೀವಲ್ಲ, ಹಾಗೇ ಆಯಿತು. ಎಲ್.ಟಿ.ಟಿ.ಇ. ಶಸ್ತ್ರ ಪೂರ್ತಿ ಒಪ್ಪಿಸಲಿಲ್ಲ. ಅಕ್ಟೋಬರ್ ಹೊತ್ತಿಗೆ ನಮ್ಮವರೇ ಅದರೊಡನೆ ಕಾದಾಡಬೇಕಾಯಿತು.

ಬೆಳಗಿನಿಂದ ರಾತ್ರಿಯವರೆಗೆ

ಯುದ್ಧವೆಂದರೆ ಬರೀ ಗುಂಡಿನ ಸದ್ದು ಅಂದುಕೊಂಡಿದ್ದೀರಾ? ಸಿಪಾಯಿಯ ದಿನದ ಬಹುಪಾಲು ಹೋಗುವುದು ಗೃಹಿಣಿಯರಾದ ನಮಗೆ ಚೆನ್ನಾಗಿ ಗೊತ್ತಿರುವ ಕೆಲಸಗಳಲ್ಲೇ.

ನಸುಕಿನಲ್ಲೂ ಮುಸ್ಸಂಜೆಯಲ್ಲೂ ಎಲ್ಲರೂ ಬಂದೂಕು ಹಿಡಿದು ತಂತಮ್ಮ ಜಾಗದಲ್ಲಿ ನಿಲ್ಲಬೇಕು. ಅರೆಬೆಳಕು ಶತ್ರುವಿಗೆ ಅನುಕೂಲ ನೋಡಿ. ಬೆಳಕು ಹರಿದ ಮೇಲೆ ಮಗ್ಗಿನ ತುಂಬ ಬಿಸಿ ಚಹಾ. ಆಮೇಲೆ ಬಂದೂಕು ಬಿಚ್ಚಿ ಎಣ್ಣೆ ಹಾಕಿ ಒರೆಸುವುದು, ಬಟ್ಟೆ ಒಗೆಯುವುದು, ನೀರು ಹೊರುವುದು, ಮರಳುಚೀಲ ತುಂಬುವುದು. ಅಡುಗೆಮನೆಗೆ ಸೈನ್ಯದಲ್ಲಿ ಲಂಗರ್ ಅನ್ನುತ್ತಾರೆ. ದೊಡ್ಡ ಪಾತ್ರೆಗಳಲ್ಲಿ ಬೇಳೆ, ಅನ್ನ, ಪಲ್ಯ ಬೇಯುತ್ತವೆ. ಗಸ್ತು ಹೋಗುವವರ ಚೀಲಕ್ಕೆ ಪೂರಿಯೂ ಶಕರ್‌ಪಾರವೂ ಬೀಳುತ್ತವೆ. ಶಕರ್‌ಪಾರ ಬೇರೇನಲ್ಲ, ನಾವು ದೀಪಾವಳಿಗೆ ಕರಿಯುವ ಶಂಕರಪೋಳಿಯೇ! ಹಲವು ದಿನ ಕೆಡುವುದಿಲ್ಲ, ನಡೆಯುತ್ತ ಬಾಯಿಗೆ ಹಾಕಿಕೊಳ್ಳಬಹುದು.

ಇಷ್ಟಾದರೂ ಭಯ ಬೆನ್ನು ಬಿಡದು. ಸೈನ್ಯದ ಲಾರಿ ಹೋಗುವ ಮುಂಚೆ ಒಂದು ತಂಡ ರಸ್ತೆಯ ಅಂಚಿನಲ್ಲೇ ನಡೆದು ಹೂತಿಟ್ಟ ಸ್ಫೋಟಕ ಹುಡುಕಬೇಕು. ಈಗಷ್ಟೇ ಮುಚ್ಚಿದ ಹಸಿ ಮಣ್ಣು, ಇಣುಕುವ ತಂತಿ, ಇದ್ದಕ್ಕಿದ್ದಂತೆ ಖಾಲಿಯಾದ ಬೀದಿ — ಎಲ್ಲವೂ ಎಚ್ಚರಿಕೆಯೇ. ಎದುರಿಗೆ ಸೈಕಲ್ಲಿನಲ್ಲಿ ಬರುವ ಹುಡುಗ ಶಾಲೆಗೆ ಹೋಗುವವನೋ, ಬಾಂಬು ಇಡುವವನೋ ತಿಳಿಯುವುದು ಹೇಗೆ? ಅತ್ತ ಅಲ್ಲಿನ ತಾಯಂದಿರಿಗೂ ಈ ಹಸಿರು ಸಮವಸ್ತ್ರ ಕಂಡರೆ ಎದೆ ನಡುಗುತ್ತಿತ್ತು. ಆ ಕಾಳಗದಲ್ಲಿ ಊರಿನ ನಿರಪರಾಧಿಗಳೂ ಸತ್ತರು. ಇಪ್ಪತ್ತರ ಹುಡುಗರು ಇದನ್ನೆಲ್ಲ ಹೊತ್ತುಕೊಂಡೇ ರಾತ್ರಿ ಪಾಳಿಯ ಪಹರೆಗೆ ನಿಲ್ಲಬೇಕಿತ್ತು.

ಮಲೆನಾಡಿನ ಹುಡುಗನಿಗೆ ಜಾಫ್ನಾದ ಬಯಲು, ಸಾಲು ತಾಳೆಮರ ಎಲ್ಲ ಹೊಸದು. ಮಳೆಯೂ ತಿರುಗುಮುರುಗು. ನಮ್ಮಲ್ಲಿ ಆಷಾಢದಲ್ಲಿ ಸುರಿದರೆ, ಅಲ್ಲಿ ಅಕ್ಟೋಬರಿನಿಂದ ಡಿಸೆಂಬರ್ ತನಕ ಜೋರು.

ಕಾಗದದ ದಾರಿ

ಆಗ ಹಳ್ಳಿಮನೆಗಳಲ್ಲಿ ಫೋನೆಲ್ಲಿತ್ತು? ಇದ್ದದ್ದು ಕಾಗದವೊಂದೇ. ರಣರಂಗದಲ್ಲಿರುವ ಸಿಪಾಯಿಯ ವಿಳಾಸದಲ್ಲಿ ಊರಿನ ಹೆಸರಿರುವುದಿಲ್ಲ. ನಂಬರು, ಹೆಸರು, ಪಲ್ಟನ್, ಸೈನ್ಯದ ಅಂಚೆ ಕಚೇರಿ, ಅಷ್ಟೇ. ಎಲ್ಲಿದ್ದೇನೆ, ಎತ್ತ ಹೊರಟಿದ್ದೇನೆ ಎಂದು ಬರೆಯುವ ಹಾಗಿಲ್ಲ. ಹಾಗಾಗಿ ‘ನಾನು ಕ್ಷೇಮ, ಊಟ ಚೆನ್ನಾಗಿದೆ’ ಎಂಬಂಥ ಮಾತೇ ಹೆಚ್ಚು. ಇತ್ತಿಂದ ಹೋಗುವ ಕಾಗದದಲ್ಲಿ ಅಡಕೆ ಕೊಯ್ಲು, ಹಸು ಕರು ಹಾಕಿದ್ದು, ತಂಗಿಗೆ ಗಂಡು ನೋಡಿದ್ದು ಬರೆದರೆ ಅದೇ ಅವನಿಗೆ ಮನೆಯ ಊಟ.

ಮರಳಿ ಬಂದಾಗ

1990ರ ಮಾರ್ಚ್ 24ರಂದು ಕೊನೆಯ ತುಕಡಿ ಟ್ರಿಂಕೋಮಲಿ ಬಿಟ್ಟಿತು. ಮೂವತ್ತೆರಡು ತಿಂಗಳಲ್ಲಿ ನಮ್ಮ ಸುಮಾರು 1,200 ಯೋಧರು ಪ್ರಾಣ ಕಳೆದುಕೊಂಡಿದ್ದರು. ಮರಳಿದವರು ಮದರಾಸಿನಲ್ಲಿ ಇಳಿದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿಯವರು ಸ್ವಾಗತಕ್ಕೆ ಹೋಗಲಿಲ್ಲ. 1991ರ ಮೇ 21ರಂದು ಅದೇ ಎಲ್.ಟಿ.ಟಿ.ಇ. ರಾಜೀವ್ ಗಾಂಧಿಯವರನ್ನು ಶ್ರೀಪೆರುಂಬುದೂರಿನಲ್ಲಿ ಕೊಂದಿತು. ಶ್ರೀಲಂಕಾದ ಅಂತರ್ಯುದ್ಧ ಮುಗಿದದ್ದು 2009ರಲ್ಲಿ. ಮಡಿದ ನಮ್ಮವರ ಹೆಸರು ಕೆತ್ತಿದ ಸ್ಮಾರಕ ಕೊಲಂಬೊದ ಪಕ್ಕದಲ್ಲೇ ಇದೆ.

ಅಂದಿನ ಹುಡುಗರು ಈಗ ಅರವತ್ತರ ಆಸುಪಾಸಿನವರು. ಗೆದ್ದ ಯುದ್ಧದ ಕಥೆ ಕೇಳುವವರು ಬಹಳ. ಯಾರೂ ಹೊಗಳದ ಯುದ್ಧದ ಮಾತು ಎದೆಯಲ್ಲೇ ಉಳಿದುಬಿಡುತ್ತದೆ. ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಅಂಥ ಚಿಕ್ಕಪ್ಪನೋ ಮಾವನೋ ಇದ್ದರೆ, ‘ಎಷ್ಟು ಜನರನ್ನು ಕೊಂದಿರಿ?’ ಅಂತ ಮಾತ್ರ ಕೇಳಬೇಡಿ. ‘ಅಲ್ಲಿ ಅಡುಗೆ ಯಾರು ಮಾಡ್ತಿದ್ರು? ಕಾಗದ ಎಷ್ಟು ದಿನಕ್ಕೆ ಬರ್ತಿತ್ತು?’ ಅಂತ ಕೇಳಿ. ಮಾತು ಅಲ್ಲಿಂದ ತಾನಾಗಿ ಬಿಚ್ಚಿಕೊಳ್ಳಬಹುದು. ಬಿಚ್ಚಿಕೊಳ್ಳದಿದ್ದರೆ ಒತ್ತಾಯ ಬೇಡ. ರಾತ್ರಿ ನಿದ್ದೆಯಿಲ್ಲದೆ ಬೆಚ್ಚಿಬೀಳುವವರಿದ್ದರೆ ವೈದ್ಯರಿಗೆ ತೋರಿಸಲು ಸಂಕೋಚ ಪಡಬೇಡಿ. ಸಿಪಾಯಿಯ ವಿಧವೆಗೆ ಕುಟುಂಬ ಪಿಂಚಣಿಯ ತೊಡಕಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬಹುದು.

ಈ ದೀಪಾವಳಿಗೆ ಶಂಕರಪೋಳಿ ಕರಿದಾಗ ಒಂದು ತಟ್ಟೆ ಆ ಮನೆಗೂ ಹೋಗಲಿ, ಅಲ್ವೇ?