ಹೇನಿನ ನಡುವಿನ ಹಸಿರು ಹುಳು

ಅವರೆಗಿಡ ಹೂ ಬಿಡುವ ಹೊತ್ತಿಗೆ ಕುಡಿಗೆ ಕಪ್ಪು ಹೇನು ಮುತ್ತುತ್ತದೆ. ಎಳೆಯ ಕಾಂಡ, ಮೊಗ್ಗಿನ ಗೊಂಚಲು, ಕಾಯಿಯ ತೊಟ್ಟು ಎಲ್ಲಕ್ಕೂ ಎಳ್ಳು ಮೆತ್ತಿದಂತೆ ಕಾಣುತ್ತದೆ. ಅಂಥದೊಂದು ಕುಡಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಹೇನಿನ ನಡುವೆ ಸೆಂಟಿಮೀಟರ್ ಉದ್ದದ, ಕಾಲಿಲ್ಲದ, ಜಿಗಣೆಯಂಥ ಹಸಿರು ಹುಳುವೊಂದು ಹರಿಯುತ್ತಿರಬಹುದು. ಗಿಡ ಹಾಳುಮಾಡುವುದು ಇದೇ ಎಂದು ಹೊಸಕಿಹಾಕುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದು ಎಲೆಯ ತಂಟೆಗೆ ಹೋಗುವುದಿಲ್ಲ. ಅದರ ಊಟ ಹೇನು.

ಇದು ಸಿರ್ಫಿಡ್ ನೊಣದ ಮರಿ. ತಾಯಿಯನ್ನು ನೀವು ನೋಡಿಯೇ ಇರುತ್ತೀರಿ, ಜೇನೆಂದು ಹೆದರಿ ಕೈ ಹಿಂದಕ್ಕೆಳೆದೂ ಇರಬಹುದು. ಹೊಟ್ಟೆಯ ಮೇಲೆ ಹಳದಿ-ಕಪ್ಪು ಪಟ್ಟೆ. ಹೂವಿನೆದುರು ಗಾಳಿಯಲ್ಲೇ ನಿಂತು, ಸರಕ್ಕನೆ ಪಕ್ಕಕ್ಕೆ ಸರಿಯುವ ಹಾರಾಟ. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಕೊಂಡಿಯೂ ಇಲ್ಲ. ಹಕ್ಕಿಗಳನ್ನು ದೂರವಿಡಲು ತೊಟ್ಟ ವೇಷವಷ್ಟೆ. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 6,000 ಪ್ರಭೇದಗಳಿವೆ. ಕೊಳೆನೀರಿನಲ್ಲಿ ಬೆಳೆಯುವ ಮರಿಗಳೂ ಅವುಗಳಲ್ಲಿವೆ. ನಮ್ಮ ಹೊಲಗಳಲ್ಲಿ ಹೇನು ತಿನ್ನುವವುಗಳ ಪೈಕಿ ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್ ಒಂದು.

ತಾಯಿ ನೊಣ ಹೇನಿರುವ ಕುಡಿಯನ್ನು ಹುಡುಕಿ, ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಎರಡು-ಮೂರು ದಿನಕ್ಕೆ ಮರಿ ಹೊರಬರುತ್ತದೆ. ಅದಕ್ಕೆ ಕಣ್ಣಿಲ್ಲ. ಮೈಯ ಮುಂಭಾಗವನ್ನು ಅತ್ತಿತ್ತ ಆಡಿಸುತ್ತ ತಡಕುತ್ತದೆ. ಹೇನು ತಗುಲಿದ ಕೂಡಲೇ ಬಾಯಿಯ ಕೊಕ್ಕೆಯಲ್ಲಿ ಸಿಕ್ಕಿಸಿ ಎಲೆಯಿಂದ ಮೇಲಕ್ಕೆತ್ತಿಬಿಡುತ್ತದೆ. ಕಾಲೂರಲು ನೆಲೆಯಿಲ್ಲದ ಹೇನು ಗಾಳಿಯಲ್ಲಿ ಒದ್ದಾಡುತ್ತಿರುವಾಗಲೇ ಅದರ ರಸ ಹೀರಿ, ಸಿಪ್ಪೆಯನ್ನು ಬಿಸಾಡಿ, ಮತ್ತೆ ತಡಕಾಟ. ಕೋಶವಾಗುವ ಮೊದಲು ಒಂದೊಂದು ಮರಿ ನೂರಾರು ಹೇನು ಮುಗಿಸುತ್ತದೆ.

ಇಷ್ಟು ಹಸಿವು ಬೇಕೇ ಬೇಕು. ಹೆಣ್ಣು ಹೇನು ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತದೆ. ಹುಟ್ಟುವ ಮಗಳ ಹೊಟ್ಟೆಯಲ್ಲಿ ಆಗಲೇ ಮೊಮ್ಮಗಳು ಬೆಳೆಯುತ್ತಿರುತ್ತಾಳೆ.

2002ರಲ್ಲಿ ಮಹಾರಾಷ್ಟ್ರದ ಕಬ್ಬಿಗೆ ಬಿದ್ದ ಬಿಳಿ ಉಣ್ಣೆಹೇನು ಬೆಳಗಾವಿ, ಬಾಗಲಕೋಟೆಯ ಕಡೆಗೂ ಹಬ್ಬಿತು. ಆಳೆತ್ತರದ ಕಬ್ಬಿನೊಳಗೆ ನುಗ್ಗಿ ಔಷಧಿ ಹೊಡೆಯುವುದು ಎಷ್ಟು ಕಷ್ಟವೆಂದು ರೈತರಿಗೆ ಗೊತ್ತು. ಅಲ್ಲಿ ಹೇನನ್ನು ಹತೋಟಿಗೆ ತಂದದ್ದರಲ್ಲಿ ಡೈಫಾ ಮತ್ತು ಮೈಕ್ರೋಮಸ್ ಕೀಟಗಳ ಪಾಲು ದೊಡ್ಡದು. ಅವುಗಳ ಜೊತೆಗೆ ಸಿರ್ಫಿಡ್ ಮರಿಗಳೂ ಹೇನು ತಿನ್ನುತ್ತಿದ್ದವು.

ಸಿಕ್ಕಸಿಕ್ಕ ಹುಳುವನ್ನೆಲ್ಲ ಕೊಲ್ಲುವ ಔಷಧಿ ಹೊಡೆದರೆ ಹೇನಿನೊಂದಿಗೆ ಈ ಮರಿಯೂ ಸಾಯುತ್ತದೆ. ಅಳಿದುಳಿದ ಹೇನು ವಾರದೊಳಗೆ ಮತ್ತೆ ಹೆಚ್ಚುತ್ತದೆ. ಅದನ್ನು ತಿನ್ನುವವರು ಅಷ್ಟು ಬೇಗ ಮರಳುವುದಿಲ್ಲ. ಮೊಟ್ಟೆ ಬಲಿಯಲು ತಾಯಿ ನೊಣಕ್ಕೆ ಪರಾಗ ಬೇಕು. ಅದರ ಬಾಯಿ ಗಿಡ್ಡ, ಆಳದ ಹೂಗಳು ನಿಲುಕುವುದಿಲ್ಲ. ಕೊತ್ತಂಬರಿ, ಸಬ್ಬಸಿಗೆ, ಸಾಸಿವೆಯಂಥ ತೆರೆದ ಹೂವೇ ಅದಕ್ಕೆ ಅನುಕೂಲ.

ಬದುವಿನಲ್ಲಿ ಒಂದು ಸಾಲು ಕೊತ್ತಂಬರಿಯನ್ನು ಕೀಳದೆ ಹೂವಿಗೆ ಬಿಡಿ. ಔಷಧಿ ಕಲಸುವ ಮುನ್ನ ನಾಲ್ಕಾರು ಕುಡಿಗಳನ್ನು ತಿರುಗಿಸಿ ನೋಡಿ. ಹಸಿರು ಹುಳು ಕಂಡರೆ ಒಂದೆರಡು ದಿನ ತಡೆದು ಮತ್ತೆ ನೋಡಿ.