ಎದ್ದು, ಇಳಿದು, ಮತ್ತೆ ಎದ್ದ ಸಾಂತಾ ಮರಿಯಾ

ದಕ್ಷಿಣ ಅಮೆರಿಕದ ಚಿಲಿ ದೇಶದ ಕರಾವಳಿಯಲ್ಲಿ, ಕನ್ಸೆಪ್ಸಿಯೋನ್ ನಗರದ ನೈಋತ್ಯಕ್ಕೆ, ಅರೌಕೋ ಕೊಲ್ಲಿಯ ಬಾಯಲ್ಲಿ ಸಾಂತಾ ಮರಿಯಾ ಎಂಬ ಪುಟ್ಟ ದ್ವೀಪವಿದೆ. ಎದುರಿನ ದಡದಲ್ಲಿರುವ ಕೊರೊನೆಲ್ ಮತ್ತು ಲೋಟಾ ಒಂದು ಕಾಲದ ಕಲ್ಲಿದ್ದಲು ಪಟ್ಟಣಗಳು. ದ್ವೀಪದವರ ಜೀವನ ನಡೆಯುವುದು ಮೀನು, ಚಿಪ್ಪು, ಕಡಲಪಾಚಿಗಳಿಂದ. ನೆಲ ಏಳುವುದನ್ನೂ ಇಳಿಯುವುದನ್ನೂ ಎರಡು ಮಹಾಕಂಪನಗಳ ನಡುವಿನ ಪೂರ್ಣ ಅವಧಿಗೆ ಅಳೆದಿರುವ ತಾಣಗಳು ಜಗತ್ತಿನಲ್ಲಿ ತೀರಾ ಅಪರೂಪ. ಸಾಂತಾ ಮರಿಯಾ ಅವುಗಳಲ್ಲೊಂದು.

1835ರ ಫೆಬ್ರುವರಿ 20ರಂದು ಮಹಾಕಂಪನಕ್ಕೆ ಸಿಕ್ಕಿ ಕನ್ಸೆಪ್ಸಿಯೋನ್ ನೆಲಸಮವಾಯಿತು. ಚಾರ್ಲ್ಸ್ ಡಾರ್ವಿನ್ ಇದ್ದ ಬೀಗಲ್ ಹಡಗು ಆಗ ಚಿಲಿಯ ತೀರದಲ್ಲೇ ಇತ್ತು. ಹಡಗಿನ ಕಪ್ತಾನ ರಾಬರ್ಟ್ ಫಿಟ್ಸ್‌ರಾಯ್ ಸಾಂತಾ ಮರಿಯಾಕ್ಕೆ ಬಂದಾಗ ಕಂಡದ್ದು ಕೊಳೆತು ನಾರುತ್ತಿದ್ದ ಚಿಪ್ಪುಗಳ ರಾಶಿ. ಭಾರೀ ಇಳಿತದ ದಿನಗಳಲ್ಲೂ ಜನ ಮುಳುಗು ಹಾಕಿಯೇ ಕೀಳಬೇಕಾಗಿದ್ದ ಆ ಚಿಪ್ಪುಗಳು ಈಗ ಬಂಡೆಗೆ ಅಂಟಿಕೊಂಡಂತೆಯೇ ಭರತದ ಗೆರೆಗಿಂತ ಹತ್ತು ಅಡಿ ಮೇಲಿದ್ದವು. ಫಿಟ್ಸ್‌ರಾಯ್ ದ್ವೀಪದ ಸುತ್ತ ಅಳತೆ ಮಾಡಿದ. ನೆಲ 2.4ರಿಂದ 3 ಮೀಟರ್ ಮೇಲೆದ್ದಿತ್ತು.

2010ರ ಫೆಬ್ರುವರಿ 27ರ ನಸುಕಿನಲ್ಲಿ 8.8 ತೀವ್ರತೆಯ ಕಂಪನ ಬಂತು. ದ್ವೀಪ ಮತ್ತೆ 1.8 ಮೀಟರ್ ಎದ್ದಿತು. ಕೊಲ್ಲಿಯ ದಕ್ಷಿಣ ದಡದ ಟುಬುಲ್‌ನಲ್ಲಿ ಜೌಗುನೆಲ ಮೀಟರಿಗೂ ಹೆಚ್ಚು ಎದ್ದು ಒಣಗಿತು. ಅಲ್ಲಿ ಕಡಲಪಾಚಿ ಬೆಳೆದು ಬದುಕುತ್ತಿದ್ದ ಕುಟುಂಬಗಳ ಕಸುಬು ಒಂದೇ ರಾತ್ರಿಗೆ ಕೈತಪ್ಪಿತು.

ಉಳಿದುಕೊಂಡ ಪಾಲು

ಚಿಲಿಯ ಅಡಿಗೆ ನಾಜ್ಕಾ ಭೂಫಲಕ ವರ್ಷಕ್ಕೆ ಆರೇಳು ಸೆಂಟಿಮೀಟರಿನಂತೆ ನುಗ್ಗುತ್ತಿದೆ. ಎರಡು ಫಲಕಗಳು ಪರಸ್ಪರ ಕಚ್ಚಿಕೊಂಡಿರುವ ತನಕ ಮೇಲಿನ ಫಲಕದ ಕಡಲಂಚು ಕೆಳಕ್ಕೆ ಎಳೆಯಲ್ಪಡುತ್ತದೆ, ಒಳನಾಡಿನ ಕಡೆ ನೆಲ ಮೆಲ್ಲಗೆ ಉಬ್ಬುತ್ತದೆ. ಮಹಾಕಂಪನದಲ್ಲಿ ಈ ಹಿಡಿತ ತಪ್ಪಿ, ಬಗ್ಗಿಸಿದ ಬಿದಿರು ಕೈಬಿಟ್ಟಾಗ ಚಿಮ್ಮುವಂತೆ ಕಡಲಂಚು ಮೇಲಕ್ಕೆ ಚಿಮ್ಮುತ್ತದೆ. 1804, 1835 ಮತ್ತು 1886ರ ನಾವಿಕ ನಕ್ಷೆಗಳನ್ನು ಇಂದಿನ ಅಳತೆಗಳ ಜೊತೆ ಹೋಲಿಸಿದ ವಿಜ್ಞಾನಿಗಳು, ಎರಡು ಕಂಪನಗಳ ನಡುವೆ ದ್ವೀಪ ಸುಮಾರು 1.4 ಮೀಟರ್ ಕುಸಿದಿತ್ತು ಎಂದು ಕಂಡುಕೊಂಡರು. ಎದ್ದದ್ದರಲ್ಲಿ ಶೇ 10ರಿಂದ 20ರಷ್ಟು ಕಾಯಂ ಆಗಿ ಉಳಿಯುತ್ತಿರಬಹುದು ಎಂಬುದು 2015ರಲ್ಲಿ ಪ್ರಕಟವಾದ ಅವರ ಅಂದಾಜು. ಸಾವಿರಾರು ವರ್ಷಗಳಲ್ಲಿ ದ್ವೀಪ ನೀರಿನಿಂದ ಮೇಲೆ ಬಂದದ್ದು ಇಂಥ ಉಳಿಕೆಯಿಂದ.

ಕಲ್ಲು ಬಾಗಿದ್ದಷ್ಟೇ ಆದರೆ ಮರಳಿ ನೆಟ್ಟಗಾದೀತು. ಮುರಿದು ಜಾರಿದ್ದು ಹಿಂದಿರುಗುವುದಿಲ್ಲ. ಸಣ್ಣ ಕಂಪನಗಳ ಮಹತ್ವ ಇರುವುದು ಇಲ್ಲಿಯೇ. ಫಲಕಗಳ ಹಿಡಿತ ಮುಗಿಯುವ ಗಡಿಯ ಮೇಲ್ಭಾಗದಲ್ಲಿ, ನೆಲ ಮೆಲ್ಲಗೆ ಉಬ್ಬುವ ಕಡೆ, ಮಹಾಕಂಪನಗಳ ನಡುವಿನ ದಶಕಗಳಲ್ಲಿ, ಮೇಲಿನ ಫಲಕದೊಳಗೆ ಪುಟ್ಟ ಬಿರುಕುಗಳು ಮತ್ತೆ ಮತ್ತೆ ಜಾರುತ್ತವೆ. ಬಹಳಷ್ಟು ಕಂಪನಗಳು ಜನರ ಅರಿವಿಗೇ ಬರುವುದಿಲ್ಲ. ಆದರೂ ಪ್ರತಿಯೊಂದೂ ಉಬ್ಬಿದ ನೆಲದ ಒಂದು ಚೂರನ್ನು ಇಳಿಯದಂತೆ ಹಿಡಿದಿಡುತ್ತದೆ. ಲಕ್ಷಾಂತರ ವರ್ಷ ಹೀಗೆ ಕೂಡುತ್ತ ಹೋದರೆ ಕರಾವಳಿಯ ಗುಡ್ಡಸಾಲೇ ರೂಪುಗೊಳ್ಳಬಲ್ಲದು ಎಂದು 2024ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ವಾದಿಸಿದೆ.

ಮುಂದಿನ ಕಂಪನದ ಸುಳಿವು

ಇದು ಬರೀ ವಿದ್ವಾಂಸರ ಕುತೂಹಲದ ವಿಷಯವಲ್ಲ. ಫಲಕಗಳು ಎಲ್ಲಿಯವರೆಗೆ ಕಚ್ಚಿಕೊಂಡಿವೆ ಎಂಬುದರ ಮೇಲೆಯೇ ಮುಂದಿನ ಮಹಾಕಂಪನ ಎಷ್ಟು ದೊಡ್ಡದು, ದಡಕ್ಕೆ ಎಷ್ಟು ಹತ್ತಿರ ಎಂಬುದು ನಿಂತಿದೆ. ಉಪಗ್ರಹದ ಅಳತೆಗಳಿಗೆ ಕೆಲವು ದಶಕಗಳ ವಯಸ್ಸಷ್ಟೇ. ಆ ಹಿಡಿತದ ಗಡಿಯ ಮೇಲೆ ರೂಪುಗೊಂಡ ಗುಡ್ಡಗಳಿಗೆ ಅದಕ್ಕಿಂತ ಬಹಳ ಹಿಂದಿನ ನೆನಪಿದೆ. 2010ರಲ್ಲಿ ಐನೂರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ದೇಶ ಆ ನೆನಪನ್ನು ಓದಲೇಬೇಕು. ಜೆಟ್ಟಿ ಕಟ್ಟುವವರು, ಚಿಪ್ಪಿನ ಹಾಸು ನಂಬಿದವರು, ಕಡಲಂಚಿನಲ್ಲಿ ಶಾಲೆಗೆ ಜಾಗ ಗುರುತಿಸುವವರು, ಎಲ್ಲರಿಗೂ ಅದು ಬೇಕು. ಫಿಟ್ಸ್‌ರಾಯ್ ಅಂದು ಬರೆದಿಟ್ಟ ಅಳತೆಯ ಬೆಲೆ ತಿಳಿದದ್ದು 175 ವರ್ಷಗಳ ಬಳಿಕ. ಇಂದು ಚಿಲಿಯ ಭೂಕಂಪ ಕೇಂದ್ರಗಳು ದಾಖಲಿಸುತ್ತಿರುವ ಸಣ್ಣ ಕಂಪನಗಳ ಪಟ್ಟಿಯನ್ನೂ ಅಷ್ಟೇ ಜೋಪಾನವಾಗಿ ಮುಂದಿನ ತಲೆಮಾರಿಗೆ ದಾಟಿಸಬೇಕು.