ಎಕ್ಸ್‌ರೇಗೆ ಕಾಣದ ನೋವು

ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಡಿ ಏನೋ ಜಾರಿದಂತಾಗುತ್ತದಲ್ಲ, ಅದೇ ದವಡೆ ಕೀಲು. ಅದು ಬಾಗಿಲಿನ ಹಾಗೆ ತಿರುಗುವುದಷ್ಟೇ ಅಲ್ಲ, ಮುಂದಕ್ಕೂ ಜಾರುತ್ತದೆ. ಮೂಳೆಗಳ ನಡುವೆ ಬಿಲ್ಲೆಯಂಥ ಪುಟ್ಟ ಮೆತ್ತೆಯಿದೆ. ಅದು ಜಾಗ ತಪ್ಪಿದರೆ ‘ಟಕ್’ ಎಂಬ ಸದ್ದು ಬರಬಹುದು. ಕೆಲವೊಮ್ಮೆ ಬಾಯಿ ಪೂರ್ತಿ ತೆರೆಯಲೂ ಆಗದು.

ನನ್ನ ಹಾಸ್ಟೆಲ್ ರೂಮ್‌ಮೇಟ್‌ಗೆ ಕಳೆದ ಸೆಮಿಸ್ಟರ್‌ನಲ್ಲಿ ದವಡೆ ನೋವು ಶುರುವಾಯಿತು. ಪರೀಕ್ಷೆ, ಪ್ಲೇಸ್‌ಮೆಂಟ್ ಟೆನ್ಷನ್ನಿನಲ್ಲಿ ನಿದ್ದೆಯಲ್ಲೂ ಹಲ್ಲು ಕಡಿಯುತ್ತಿದ್ದಳು. ಮೆಸ್ಸಿನ ಚಪಾತಿ ಅಗಿಯುವುದೂ ಕಷ್ಟ. ಗ್ರೂಪ್ ಡಿಸ್ಕಷನ್ ಅಭ್ಯಾಸದಲ್ಲಿ ನಾಲ್ಕು ಮಾತಾಡಿ ಕೆನ್ನೆ ಹಿಡಿದು ಕೂರುತ್ತಿದ್ದಳು. ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿ ಎಕ್ಸ್‌ರೇ ತೆಗೆಸಿದಾಗ ‘ನಾರ್ಮಲ್’ ಎಂದು ಬಂತು. “ಹಾಗಾದ್ರೆ ನನ್ನ ನೋವು ಸುಳ್ಳಾ?” ಎಂದಳು. ಆ ಪ್ರಶ್ನೆಯೇ ನಮ್ಮ ಮಿನಿ ಪ್ರಾಜೆಕ್ಟ್‌ನ ವಿಷಯವಾಯಿತು.

ಒಪಿಜಿಯಲ್ಲಿ ಕಾಣುವುದು ಮುಖ್ಯವಾಗಿ ಹಲ್ಲು, ಮೂಳೆ, ಅದೂ ಚಪ್ಪಟೆಯಾಗಿ. ಸಿಬಿಸಿಟಿ ಯಂತ್ರ ತಲೆಯ ಸುತ್ತ ತಿರುಗುತ್ತಾ ನೂರಾರು ಚಿತ್ರ ತೆಗೆಯುತ್ತದೆ. ಅವುಗಳಿಂದ ಕಂಪ್ಯೂಟರ್ ಕೀಲಿನ ಮೂರು ಆಯಾಮದ ರೂಪ ಕಟ್ಟುತ್ತದೆ. ಮೂಳೆಯ ಸವೆತ ಗೊತ್ತಾಗುತ್ತದೆ. ಆದರೆ ಮೆತ್ತೆ ಚೆನ್ನಾಗಿ ಕಾಣಲು ಎಂಆರ್‌ಐ ಬೇಕು.

‘ಇದೆಲ್ಲ ಎಲ್ಲಿ ಉಪಯೋಗಕ್ಕೆ ಬರುತ್ತೆ?’ ಎಂದು ನಾವು ಗೊಣಗುವ ಫೂರಿಯರ್ ಗಣಿತ ಇಲ್ಲಿದೆ. ಸಿಟಿ ಸ್ಕ್ಯಾನರ್ ರೂಪಿಸಿದ ಹೌನ್ಸ್‌ಫೀಲ್ಡ್ ಎಂಜಿನಿಯರ್. 1979ರಲ್ಲಿ ಕಾರ್ಮಾಕ್ ಜೊತೆ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಸಿಬಿಸಿಟಿಯಲ್ಲಿ ಹೆಸರಾದ ಲೆಕ್ಕದ ವಿಧಾನವನ್ನು 1984ರಲ್ಲಿ ಪ್ರಕಟಿಸಿದ್ದು ಫೋರ್ಡ್ ಕಾರು ಕಂಪನಿಯ ಸಂಶೋಧಕರಾದ ಫೆಲ್ಡ್‌ಕ್ಯಾಂಪ್, ಡೇವಿಸ್ ಮತ್ತು ಕ್ರೆಸ್!

ಆದರೂ ಚಿತ್ರವೇ ಕೊನೆಯ ಮಾತಲ್ಲ. ಕೀಲು ಸವೆದವರಿಗೆ ನೋವೇ ಇಲ್ಲದಿರಬಹುದು. ನೋವಿದ್ದವರ ಚಿತ್ರ ಸರಿಯಾಗೇ ಇರಬಹುದು. ಅದಕ್ಕೇ 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡ ಶುರುವಾಗುವುದು ರೋಗಿಗೆ ಕೇಳುವ ಪ್ರಶ್ನೆಗಳಿಂದ, ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಯಿಂದ. ನನ್ನ ಗೆಳತಿಯ ಕೆನ್ನೆ ಒತ್ತಿ ನೋಡಿದ ಇನ್ನೊಬ್ಬ ವೈದ್ಯೆ, ನೋವು ಅಗಿಯುವ ಸ್ನಾಯುವಿನದು ಎಂದರು. ಮೆತ್ತನೆ ಊಟ, ಬಿಸಿ ಶಾಖ, ದವಡೆಯ ವ್ಯಾಯಾಮ ಹೇಳಿದರು. ಈಗ ಸುಧಾರಿಸಿದ್ದಾಳೆ.

ಇಮೇಜ್ ಪ್ರೊಸೆಸಿಂಗ್, ಎಐ ಎಂದು ಪ್ರಾಜೆಕ್ಟ್ ಹುಡುಕುವ ಗೆಳೆಯರೇ, ಹತ್ತಿರದ ದಂತ ವೈದ್ಯಕೀಯ ಕಾಲೇಜಿಗೂ ಒಮ್ಮೆ ಹೋಗಿ ಬನ್ನಿ. ನಮ್ಮ ಪ್ರೋಗ್ರಾಂ ಮೂಳೆಯ ಅಂಚನ್ನು ಎಷ್ಟು ನಿಖರವಾಗಿ ಗುರುತಿಸಿದರೂ, ‘ಎಲ್ಲಿ ನೋಯುತ್ತೆ?’ ಎಂದು ಯಾರಾದರೂ ಕೇಳಲೇಬೇಕು.